ಊಟದ ಗಾಡಿಯಿಂದ ಹಾರಿದ ಸೂಜಿ

ಪ್ರಾಣಿಗಳಿಗೆ ತನ್ನ ಮೇಲೆ ಪ್ರೀತಿ ಎಂದು ಡಾಕ್ಟರಮ್ಮ ಒಂದು ದಿನವೂ ಜಂಬ ಕೊಚ್ಚಿದವಳಲ್ಲ. ಪ್ರೀತಿಯೇ? ಕೈಗೆ ಸಿಕ್ಕಿದ್ದರೆ ಸಿಗಿದು ಹಾಕುತ್ತಿದ್ದವು! ಪ್ರಾಣಿವೈದ್ಯೆಯಾಗಿ ಮೊದಲು ಸೇರಿದ ಸಫಾರಿ ಪಾರ್ಕಿನಲ್ಲಿ ಜೀಬ್ರಾ ಒದ್ದು ಪಕ್ಕೆಲುಬು ಮುರಿಯಿತು. ಎರಡನೆಯದರಲ್ಲಿ, ಮತ್ತು ಬರಿಸಿ ಮಲಗಿಸಿದ್ದ ಕರಡಿ ಹೊಲಿಗೆ ಮುಗಿಯುವ ಮೊದಲೇ ಎದ್ದು ಅವಳ ಎಡಗಿವಿಯನ್ನು ಅರ್ಧ ಕಿತ್ತಿತು. "ಮಿಕ್ಕಿದ್ದು ಸಾಕು ಬಿಡಿ, ನೀವು ಬೈಯೋದೆಲ್ಲಾ ಕೇಳ್ಸುತ್ತೆ" ಎಂದು ಗಂಡನಿಗೆ ಹೇಳಿ, ಪಟ್ಟಿ ಬಿಚ್ಚುವ ಮೊದಲೇ ಕೆಲಸಕ್ಕೆ ಹೋದಳು. ಶುದ್ಧ ಹಠಮಾರಿ ಹೆಂಗಸು.

ಮೂರನೆಯ ಸಫಾರಿಯಲ್ಲಿ ಅವಳ ಪಾಲಿಗೆ ಬಂದದ್ದು ಸಿಂಹಗಳು. ಆ ತಳಿ ಕಾಡಿನಲ್ಲಿ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ಇಲ್ಲಿ ಮರಿ ಹುಟ್ಟಿಸಿ, ಬೆಳೆಸಿ, ಮತ್ತೆ ಕಾಡಿಗೆ ಬಿಡಬೇಕೆನ್ನುವುದು ಅವಳ ಜೀವಮಾನದ ಆಸೆ. ಅದಕ್ಕೆ ಉಳಿದಿದ್ದ ಶುದ್ಧ ತಳಿಯ ಗಂಡು ಒಂದೇ ಒಂದು. ಎಲ್ಲರೂ ಅದನ್ನು ಯಜಮಾನ ಎನ್ನುತ್ತಿದ್ದರು.

ಅವಳ ಜೀಪಿನ ಸದ್ದು ಕೇಳಿದರೆ ಸಾಕು, ಬಂದೂಕಿನಿಂದ ಮತ್ತಿನ ಸೂಜಿ ಹಾರಿಸುವ ಸೂಜಿಯವಳು ಬಂದಳೆಂದು ಸಿಂಹಗಳು ಪೊದೆ ಸೇರುತ್ತಿದ್ದವು. ಊಟದ ಗಾಡಿ ಬಂದರೆ ಮಾತ್ರ ಮನೆ ಬೆಕ್ಕಿನ ಹಾಗೆ ಹತ್ತಿರ ಬರುತ್ತಿದ್ದವು. ಗಾಡಿ ಓಡಿಸಿ, ಕಿಟಕಿಯಿಂದ ಮಾಂಸ ಎಸೆಯುತ್ತಿದ್ದವನು ಕೀಪರ್. ವಯಸ್ಸಿನಲ್ಲಿ ಹಿರಿಯ, ಅವಳು ಅಣ್ಣ ಎಂದೇ ಕರೆಯುತ್ತಿದ್ದಳು. ಅವನದು ಒಂದೇ ಕಟ್ಟುನಿಟ್ಟು.

"ನನ್ನ ಗಾಡಿಯಿಂದ ಸೂಜಿ ಹಾರಕೂಡ್ದು ಡಾಕ್ಟ್ರೇ. ಇದು ಊಟದ್ದು, ಅದು ಸೂಜಿದು ಅಂತ ಅವಕ್ಕೆ ಗೊತ್ತು. ಆ ನಂಬಿಕೆ ಮೇಲೇ ನಾನು ಕಿಟಕಿ ತೆಗಿಯೋದು."

ಒಂದು ಬೆಳಿಗ್ಗೆ ಪಕ್ಕದ ಆವರಣದ ಎರಡು ಮಿಶ್ರ ತಳಿಯ ಪುಂಡ ಸಿಂಹಗಳು ಗೇಟು ಮುರಿದು ನುಗ್ಗಿ ಯಜಮಾನನ ಮೇಲೆ ಬಿದ್ದವು. ಒಂದು ಬೆನ್ನು ಹಿಡಿದು ಜಗ್ಗಿತು, ಇನ್ನೊಂದು ಹೊಟ್ಟೆ ಬಗೆಯಿತು. ಕೂದಲು, ಚರ್ಮ, ರಕ್ತ ನೆಲದ ತುಂಬ ಚೆಲ್ಲಾಪಿಲ್ಲಿ. ಕೆಲಸದವರು ನೀರು ಚಿಮ್ಮಿಸಿ ಪುಂಡರನ್ನು ಓಡಿಸುವಷ್ಟರಲ್ಲಿ, ಯಜಮಾನ ಹರಿದ ಹೊಟ್ಟೆಯನ್ನು ಎಳೆದುಕೊಂಡು ಮುಳ್ಳುಪೊದೆ ಸೇರಿಬಿಟ್ಟ. ಡಾಕ್ಟರಮ್ಮನ ಜೀಪು ಮುಂದೆ ಹೋದಷ್ಟೂ ಅವನು ಒಳಗೆ ಸರಿದ.

"ಬೋನಲ್ಲಿ ಮಾಂಸ ಇಡ್ತೀನಿ. ಸಂಜೆಯೊಳಗೆ ತಾನಾಗೇ ಬರ್ತಾನೆ" ಎಂದ ಕೀಪರ್.

"ಸಂಜೆಗೆ ಹೆಣ ಬರುತ್ತೆ! ನಿಮ್ಮ ಗಾಡೀಲಿ ನನ್ನ ಕರ್ಕೊಂಡು ಹೋಗಿ ಅಣ್ಣ. ಇದೊಂದ್ಸಲ. ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಹಲ್ಲು ಕಚ್ಚಿಕೊಂಡು ಗಾಡಿ ಹತ್ತಿದ. ಅವಳು ಸೂಜಿಯ ಬಂದೂಕು ಹಿಡಿದು ಸೀಟಿನ ಹಿಂದೆ ಅವಿತು ಕೂತಳು. ಗಾಡಿಯ ಸದ್ದಿಗೆ ಯಜಮಾನ ಪೊದೆಯಿಂದ ತೆವಳಿ ಬಂದ. ಕೀಪರ್ ಕಿಟಕಿ ಇಳಿಸಿ ಮಾಂಸ ಎಸೆದ. ಅವನ ತೋಳಿನ ಸಂದಿಯಿಂದ ಸೂಜಿ ಹಾರಿ ಸಿಂಹದ ತೊಡೆಗೆ ನಾಟಿತು. ಯಜಮಾನ ಬೆಚ್ಚಿ ತಲೆ ಎತ್ತಿದಾಗ ಕಿಟಕಿಯಲ್ಲಿ ಕಂಡದ್ದು ಕೀಪರನ ಮುಖ ಮಾತ್ರ. ಅವಳು ಹೊಟ್ಟೆಗೆ ಹೊಲಿಗೆ ಹಾಕಿದಳು, ಯಜಮಾನ ಬದುಕಿದ. ಇಡೀ ಸಫಾರಿಯೇ ಅವಳನ್ನು ಕೊಂಡಾಡಿತು. ಕೀಪರ್ ಮಾತ್ರ ಬೋನಿನಲ್ಲಿ ಮಲಗಿದ್ದ ಯಜಮಾನನಿಗೆ ಮಾಂಸ ಹೊತ್ತುಕೊಂಡು ಹೋದ.

ಗಾಯ ಮಾಗಿ ಯಜಮಾನನನ್ನು ಆವರಣಕ್ಕೆ ಬಿಟ್ಟ ದಿನ, ಊಟದ ಗಾಡಿ ಎಂದಿನಂತೆ ಒಳಗೆ ಹೋಯಿತು. ನಿಯಮದಂತೆ ಡಾಕ್ಟರಮ್ಮ ಜೀಪಿನಲ್ಲಿ ದೂರ ನಿಂತಿದ್ದಳು. ಪಕ್ಕದಲ್ಲಿ ಸೂಜಿಯ ಬಂದೂಕೂ ಇತ್ತು, ಗುಂಡಿನ ಬಂದೂಕೂ ಇತ್ತು. "ಕಿಟಕಿ ಬೇಡ ಅಣ್ಣ, ಹಿಂದಿನಿಂದ ಎಸೀರಿ" ಎಂದು ಮೊದಲೇ ಹೇಳಿದ್ದಳು. "ಬೋನಲ್ಲಿ ಇಷ್ಟು ದಿನ ನನ್ನ ಕೈಯೂಟಾನೇ ತಿಂದಿದಾನೆ. ಮರ್ತಿರ್ತಾನೆ ಬಿಡಿ" ಎಂದು ಅವನು ಕಿಟಕಿ ಇಳಿಸಿದ.

ಯಜಮಾನ ಮಾಂಸದ ಕಡೆ ತಿರುಗಿಯೂ ನೋಡಲಿಲ್ಲ. ನೆಗೆದವನೇ ಕೀಪರನ ತೋಳು ಕಚ್ಚಿ, ಭುಜದವರೆಗೆ ಹೊರಗೆಳೆದ. ಮೂಳೆ ಲಟಲಟ ಮುರಿದದ್ದು ಜೀಪಿಗೂ ಕೇಳಿಸಿತು. ಕೀಪರ್ ಕಿರುಚುತ್ತಿದ್ದ, ಸಿಂಹ ಬಟ್ಟೆ ಒದರಿದ ಹಾಗೆ ಅವನನ್ನು ಒದರುತ್ತಿತ್ತು. ಅವಳ ಕೈ ಮೊದಲು ಹೋದದ್ದು ಸೂಜಿಯ ಬಂದೂಕಿಗೇ. ಸೂಜಿಯ ಮತ್ತು ಸಿಂಹದ ತಲೆಗೇರುವಷ್ಟರಲ್ಲಿ ಮನುಷ್ಯ ಉಳಿಯುವುದಿಲ್ಲ. ಅಯ್ಯೋ, ಅವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು! ಅದನ್ನು ಬಿಸಾಡಿ ಇನ್ನೊಂದನ್ನು ಎತ್ತಿಕೊಂಡಳು. ಮೊದಲ ಗುಂಡು ಯಜಮಾನನ ಭುಜ ಸೀಳಿತು, ಅವನು ಬಿಡಲಿಲ್ಲ. ಎರಡನೆಯದು ಕಿವಿಯ ಹಿಂದೆ ಹೊಕ್ಕಿತು. ಸತ್ತ ಮೇಲೂ ಹಲ್ಲು ಬಿಡಲಿಲ್ಲ. ಕಬ್ಬಿಣದ ಸಲಾಕೆ ತುರುಕಿ, ತಾನೇ ಹೊಲಿದು ಉಳಿಸಿದ ಮೈಯ ಮೇಲೆ ಕಾಲಿಟ್ಟು, ಅವಳೇ ದವಡೆ ಬಿಡಿಸಿದಳು.

ಆಸ್ಪತ್ರೆಯಲ್ಲಿ ಕೀಪರನಿಗೆ ಎಚ್ಚರವಾದಾಗ ತೋಳಿದ್ದ ಕಡೆ ಬರೀ ಪಟ್ಟಿ. ಅವನ ಹೆಂಡತಿ ಬಾಗಿಲಲ್ಲೇ ಡಾಕ್ಟರಮ್ಮನನ್ನು ತಡೆದು, "ನಿನ್ನ ಮುಖ ನೋಡೋಕೆ ನಂಗಿಷ್ಟ ಇಲ್ಲ ಕಣಮ್ಮ" ಎಂದಳು. ಆದರೂ ದಾರಿ ಬಿಟ್ಟಳು.

"ನಂದೇ ತಪ್ಪು ಅಣ್ಣ" ಎಂದು ಡಾಕ್ಟರಮ್ಮ ಅಳುತ್ತಾ ನಿಂತಳು. "ನಿಮ್ಮ ಗಾಡಿ ಹತ್ತಬಾರ್ದಿತ್ತು. ನಿಮ್ಮ ಕೈ..."

"ಕೈ ಹಾಳಾಗ್ಹೋಗ್ಲಿ ಬಿಡಿ." ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಕಣ್ಣು ಬಿಡದ ಮರಿ ಆಗಿದ್ದಾಗಿಂದ ಊಟ ಹಾಕಿದ್ದೆ. ಮೋಸ ಮಾಡಿದೋನು ನಾನೇ ಅಂದ್ಕೊಂಡೇ ಸತ್ನಲ್ಲ ಡಾಕ್ಟ್ರೇ. ನಾನಲ್ಲ ಅಂತ ಅವನಿಗೆ ಇನ್ಯಾರು ಹೇಳ್ತಾರೆ?"