ಭದ್ರಾವತಿಯಲ್ಲಿ ಹೆಣ್ಣು ನೋಡಿದ ತತ್ವಜ್ಞಾನಿ

ಭದ್ರಾವತಿ ಬಸ್ಸು ಕಂಡಾಗೆಲ್ಲ ನನಗೆ ಒಂದು ತಟ್ಟೆ ಉಪ್ಪಿಟ್ಟು ನೆನಪಾಗುತ್ತೆ. ಮನಸ್ಸು ಅಂದ್ರೇನು ಅಂತ ಕಾಲೇಜಿನಲ್ಲಿ ಪಾಠ ಮಾಡ್ತಿದ್ದವನು ನಾನು. ಆ ಕಾಲಕ್ಕೆ ಶಿವಮೊಗ್ಗದಲ್ಲಿ ನನ್ನಷ್ಟು ಬುದ್ಧಿವಂತ ನಾನೊಬ್ಬನೇ. ಗಾಂಧಿ ಬಜಾರಿನಲ್ಲಿ ಹೊಲಿಸಿದ ಹೊಸ ಶರ್ಟು ಹಾಕ್ಕೊಂಡು, ಅಮ್ಮನ ಜೊತೆ ಭದ್ರಾವತಿಗೆ ಹೆಣ್ಣು ನೋಡಕ್ಕೆ ಹೋದೆ. ಹುಡುಗಿ ಉಪ್ಪಿಟ್ಟು ಕೊಟ್ಟು ಬಾಗಿಲ ಹತ್ತಿರ ನಿಂತಳು. ನೋಡಿದ ಕೂಡಲೇ ನಾನು ಒಪ್ಪಿಬಿಟ್ಟಿದ್ದೆ.

ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಅವಳ ಅಪ್ಪ ಕೇಳಿದರು: "ಮನಸ್ಸಿನ ಮೇಷ್ಟ್ರಂತೆ ನೀವು. ನಮ್ಮ ಹುಡುಗಿ ಮನಸ್ಸಲ್ಲಿ ಏನಿದೆ, ಹೇಳಿ ನೋಡೋಣ."

ನಾನು ಕ್ಲಾಸಿನ ಗತ್ತಿನಲ್ಲೇ ಹೇಳಿದೆ: "ನೋಡಿ, ಇನ್ನೊಬ್ಬರಿಗೆ ಮನಸ್ಸು ಇದೆ ಅಂತಲೇ ಸಾಬೀತು ಮಾಡಕ್ಕಾಗಲ್ಲ."

ಅವರು ಕಾಫಿ ಲೋಟ ಕೆಳಗಿಟ್ಟರು. "ನನ್ನ ಮಗಳಿಗೆ ಮನಸ್ಸೇ ಇಲ್ಲ ಅಂತೀರಾ?"

ಅಮ್ಮ ಹೊರಡಕ್ಕೆ ಚೀಲ ಕೈಗೆ ತಗೊಂಡಳು. ಸಂಬಂಧ ಮುರೀತು ಅಂದ್ಕೊಂಡೆ. ಅಷ್ಟರಲ್ಲಿ ಹುಡುಗಿ ಹೇಳಿದಳು: "ಇರ್ಲಿ ಬಿಡಿ ಅಪ್ಪಾಜಿ. ಅವರಿಗೆ ಇದೆ ಅನ್ನೋದೂ ಸಾಬೀತಾಗಿಲ್ವಲ್ಲ. ಮದುವೆ ಆದ್ಮೇಲೆ ಇಬ್ಬರೂ ಹುಡುಕ್ಕೋತೀವಿ."

ನನ್ನ ಮನಸ್ಸನ್ನ ಅವಳು ಒಂದೇ ವಾರದಲ್ಲಿ ಹುಡುಕಿ ಮುಗಿಸಿದಳು. ಅವಳದನ್ನ ನಾನು ನಿವೃತ್ತಿಯಾದ ಮೇಲೂ ಹುಡುಕ್ತಾನೇ ಇದೀನಿ. ಆಳವಾದ ಸಂಶೋಧನೆ ಅಂದ್ರೆ ಹಾಗೇ, ಮಾರಾಯ್ರೆ.