ಲಗಮವ್ವತ್ತಿ ಮತ್ತು ಸರ್ಕಾರದ ಕಂಬಳಿ

ನಮ್ಮ ಲಗಮವ್ವತ್ತಿ ಯಾರಿಗೂ ಎದ್ದು ನಿಲ್ಲುತ್ತಿರಲಿಲ್ಲ. ಖಾನಾಪುರದಿಂದ ತಹಶೀಲ್ದಾರರು ಬಂದರೂ ಅಷ್ಟೆ, ಸ್ಟೀಲ್ ಪಾತ್ರೆ ಮಾರುವವನು ಬಂದರೂ ಅಷ್ಟೆ. ಕಟ್ಟೆಯ ಮೇಲೆ ಕೂತಲ್ಲಿಂದಲೇ "ಬರ್ರಿ, ಕುಂದರ್ರಿ" ಎಂದು ಪಕ್ಕದ ಜಾಗವನ್ನು ಅಂಗೈಯಿಂದ ಒರೆಸುತ್ತಿದ್ದಳು. ತಲೆಯ ಮೇಲೆ ಹೊರೆ ಹೊತ್ತವರು ಬಂದರೆ ಮಾತ್ರ ದಡಬಡಿಸಿ ಎದ್ದು, ಇಳಿಸಲು ಕೈ ಕೊಡುತ್ತಿದ್ದಳು.

"ಹೊರಿ ಹೊತ್ತಾವರಿಗೆ ಏಳಬೇಕು. ಬರೇ ಹೆಸರು ಹೊತ್ತಾವರಿಗೆ ಯಾಕ ಏಳಬೇಕು?" ಎನ್ನುತ್ತಿದ್ದಳು.

ಅತ್ತಿ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಪ್ಪನ ಮನೆಯ ಬಾಜುವಿನಲ್ಲೇ ಬೇರೆ ಒಲೆ ಹೂಡಿದ್ದಳು. ಕುರಿ ಕಾಯುವ ಮನೆತನ ನಮ್ಮದು. ಗುಡ್ಡದ ಆಚೆಗಿನ ಕುರಿಗಳನ್ನು ಕರೆದು ಕರೆದು ಹದವಾದ ಗಂಟಲು ಅವಳದು. ಮನೆಯೊಳಗೆ ಬಂದರೂ ಅದು ತಗ್ಗುತ್ತಿರಲಿಲ್ಲ. ಅವಳ ಕಿವಿಯಲ್ಲಿ ಗುಟ್ಟು ಹೇಳಿದರೆ ಅವಳು "ಹೌದಾ?" ಎಂದು ಕೇಳುವುದರೊಳಗೆ ಓಣಿಗೆಲ್ಲ ಗೊತ್ತಾಗಿರುತ್ತಿತ್ತು. ಹಣೆಯ ತುಂಬ ಭಂಡಾರದ ಅರಿಸಿನ, ದವಡೆಯಲ್ಲಿ ಎಲೆಅಡಿಕೆ, ತೊಡೆಯ ಮೇಲೆ ಸದಾ ಉಣ್ಣೆ. ಮಾತಾಡುತ್ತಲೇ ನೂಲು ತೆಗೆಯುತ್ತಿದ್ದಳು. ಜಗಳವಾಡುವಾಗಲೂ ಎಳೆ ಹರಿಯುತ್ತಿರಲಿಲ್ಲ.

ನಮ್ಮ ಮನೆತನಕ್ಕೆ ಊರಲ್ಲಿ ಒಂದು ಮಾನವಿತ್ತು. ದಸರೆಯ ದಿನ ಸೀಮೆಯ ಬನ್ನಿಗಿಡದ ಕೆಳಗೆ ಕರಿಕಂಬಳಿ ಹಾಸುವುದು. ವಾಡೆಯ ದೇಸಾಯರು ಬಂದು ಅದರ ಮೇಲೆ ಕೂತು, ಆಮೇಲೆ ಎದ್ದು ಮೊದಲ ಟೊಂಗೆ ಕಡಿಯಬೇಕು. ಅಲ್ಲಿಯವರೆಗೆ ಊರವರು ಬನ್ನಿ ಮುಟ್ಟುವಂತಿರಲಿಲ್ಲ, ಒಬ್ಬರಿಗೊಬ್ಬರು ಕೊಡುವಂತಿರಲಿಲ್ಲ. ದೇಸಾಯರನ್ನು ಎಲ್ಲರೂ ಸರ್ಕಾರ ಎಂದೇ ಕರೆಯುತ್ತಿದ್ದರು. ಅವರ ಆಳ್ವಿಕೆ ಅವರ ಅಜ್ಜನ ಕಾಲಕ್ಕೇ ಮುಗಿದಿತ್ತು. ವಾಡೆಯಲ್ಲಿ ಬಾವಲಿಗಳು ಸಂಸಾರ ಹೂಡಿದ್ದವು. ಸರ್ಕಾರ ಪುಣೆಯಲ್ಲಿದ್ದು, ದಸರೆಗೊಮ್ಮೆ ಕಾರಿನಲ್ಲಿ ಬಂದು ಹೋಗುತ್ತಿದ್ದರು.

ಆ ಕಂಬಳಿಯನ್ನು ನಾವು ಯಾರೂ ಹೊದೆಯುವಂತಿರಲಿಲ್ಲ. ಅದು 'ಸರ್ಕಾರದ ಕಂಬಳಿ'. ವರ್ಷವಿಡೀ ಜಂತಿಗೆ ತೂಗುಬಿದ್ದಿರುತ್ತಿತ್ತು. ಥಂಡಿ ದಿನಗಳಲ್ಲಿ ನಾವು ಮಕ್ಕಳು ಹರಕು ಕೌದಿಯೊಳಗೆ ನಡುಗುತ್ತ ಅದನ್ನೇ ನೋಡುತ್ತ ಮಲಗುತ್ತಿದ್ದೆವು. ಅದರ ನೂಲು ತೆಗೆದವಳು ಅತ್ತಿ, ನೇಯ್ದವನು ಅಪ್ಪ. ಅದನ್ನು ಹಾಸುವಾಗ ಅಪ್ಪನ ಮೋರೆ ನೋಡಬೇಕಿತ್ತು. ವರ್ಷವೆಲ್ಲ ಬಗ್ಗಿದ ಬೆನ್ನು ಅಂದು ನೆಟ್ಟಗಾಗುತ್ತಿತ್ತು. ಊರಿನಲ್ಲಿ ಅವನಿಗೆ ಇದ್ದದ್ದು ಅದೊಂದೇ ಮಾನ. ಅದರ ತಂಟೆಗೆ ಯಾರು ಬಂದರೂ ಅವನು ಸಹಿಸುತ್ತಿರಲಿಲ್ಲ.

ಅತ್ತಿ ಮಾತ್ರ ಬರುತ್ತಿದ್ದಳು. "ನಮ್ಮ ಕುರಿ, ನಮ್ಮ ಉಣ್ಣಿ, ನಮ್ಮ ಕೈ. ಅದರ ಮ್ಯಾಲ ಕುಂತು ಅವ ನಮಗ ಅರಸ!"

"ಅಕ್ಕಾ, ಅವ್ರು ಯಾವ ಪಾರ್ಟಿಯವ್ರೂ ಅಲ್ಲ," ಎನ್ನುತ್ತಿದ್ದ ಅಪ್ಪ. "ಇಲೆಕ್ಷನ್ ಬಂತಂದ್ರ ಊರಾಗ ಅಣ್ಣ ತಮ್ಮನ ಕೂಡ ಮಾತಾಡೂದಿಲ್ಲ. ಕನ್ನಡದಾವ್ರು ಒಂದು ಕಡೆ, ಮರಾಠಿಯಾವ್ರು ಒಂದು ಕಡೆ. ಸರ್ಕಾರದ ಮುಂದ ಎಲ್ಲಾರೂ ಒಂದಽ ಅಲ್ಲೇನು?"

"ಹೌದಪಾ, ಎಲ್ಲಾರೂ ನೆಲದ ಮ್ಯಾಲ ಒಂದಽ. ಅವ ಒಬ್ಬಾವ ಕಂಬಳಿ ಮ್ಯಾಲ."

"ಛಲೋ ಮನಷ್ಯಾ ಅದಾರ."

"ನಾ ಎಲ್ಲಿ ಅಲ್ಲ ಅಂದೆ? ಛಲೋ ಇದ್ರ ಬರ್ಲಿ, ನಮ್ಮ ಬಾಜು ಕುಂದರ್ಲಿ."

ಅಪ್ಪನ ಮಾತಿನಲ್ಲೂ ಹುರುಳಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಕಂಬಳಿ ಕಂಡಾಗಲೆಲ್ಲ ನೆನಪಾಗುವುದು ಅತ್ತಿಯ ಮಾತು.

ಒಮ್ಮೆ ಅವಳು ಶಹರದ ಸದಾಶಿವನಗರದಲ್ಲಿ ಈಗ ನಾನಿರುವ ಮನೆಗೆ ಬಂದಿದ್ದಾಗ ಟೀವಿಯಲ್ಲಿ ಯಾವುದೋ ದೂರದ ದೇಶದ ಅರಸನಿಗೆ ಕಿರೀಟ ಇಡುತ್ತಿದ್ದರು. ಬಂಗಾರದ ಸಾರೋಟು, ಕುದುರೆ, ಬೀದಿಯುದ್ದಕ್ಕೂ ಜನ. ನಾನು ತಿಳಿದವಳಂತೆ ವಿವರಿಸಿದೆ: ಅಲ್ಲಿ ಆಳುವವರು ಆರಿಸಿ ಬಂದವರೇ, ಅರಸ ಹೆಸರಿಗೆ ಮಾತ್ರ, ಅವನಿಗೆ ಅಧಿಕಾರವೇನೂ ಇಲ್ಲ, ಅದೊಂದು ಶೋಭೆ.

ಅತ್ತಿ ಚಹಾ ಬಸಿಗೆ ಸುರಿದು ಊದುತ್ತ ನೋಡಿದಳು. "ಅಧಿಕಾರ ಇಲ್ಲಂದ ಮ್ಯಾಲ ಅಷ್ಟು ಮಂದಿ ಯಾಕ ಬಗ್ಗಾಕ ಹತ್ಯಾರ? ಅಧಿಕಾರ ಅವನ ಕೈಯಾಗ ಇಲ್ಲಬೇ, ಇವರ ಟೊಂಕದಾಗ ಐತಿ. ಇಲ್ಲಿ ಬಗ್ಗಿ ರೂಢಿ ಆದಾವ, ನಾಳೆ ಆರಿಸಿ ಬಂದಾವನ ಮುಂದೂ ಬಗ್ಗತಾನ."

ಆ ಮಾತು ಖರೆಯಾಗುವುದನ್ನು ನಾನು ಕಣ್ಣಾರೆ ಕಂಡೆ, ಅದೂ ಅವಳ ಮುಂದೆಯೇ. ಮಹಿಳೆಯರಿಗೆ ಮೀಸಲು ಬಂದು ಅತ್ತಿ ಪಂಚಾಯತಿ ಅಧ್ಯಕ್ಷೆಯಾದ ವರ್ಷದ ದಸರೆ ಅದು. ಅಪ್ಪ ಕಂಬಳಿ ಹಾಸಿ ನಿಂತಿದ್ದ. ಸರ್ಕಾರದ ಕಾರು ಬರಲಿಲ್ಲ. ಪೀರನವಾಡಿಯಲ್ಲಿ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದೆಯೆಂದು ಫೋನ್ ಬಂತು. ಉಪವಾಸದ ಹೆಂಗಸರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಕೂಸುಗಳು ಅಳುತ್ತಿದ್ದವು. ಹೊತ್ತು ಮುಳುಗುತ್ತ ಬಂದರೂ ಒಬ್ಬರೂ ಗಿಡ ಮುಟ್ಟಲಿಲ್ಲ.

ಅತ್ತಿ ಸೀದಾ ಹೋಗಿ ಕಂಬಳಿಯ ಮೇಲೆ ಕೂತಳು.

ಅವಳು ಆರಾಮಾಗಿ ಮೊಣಕಾಲು ನೀವಿಕೊಳ್ಳುತ್ತ, "ಕಾಲು ನೋಯ್ತಾವು. ಬರ್ರವ್ವಾ, ಕುಂದರ್ರಿ, ಜಾಗಾ ರಗಡ ಐತಿ," ಎಂದಳು. ಯಾರೂ ಬರಲಿಲ್ಲ. ಅಪ್ಪನ ಮೋರೆ ಕಪ್ಪಿಟ್ಟಿತು.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: "ಅಧ್ಯಕ್ಷರಿಗೆ ಜೈ!" ಆ ಕೂಗಿಗೆ ಕಾಯುತ್ತಿದ್ದರೋ ಎಂಬಂತೆ ನಾಲ್ಕಾರು ಗಂಡಸರು ಮುಂದೆ ಬಂದರು. ಒಬ್ಬ ಕುಡುಗೋಲು ತಂದು ಅವಳ ಕೈಗಿತ್ತು, "ಇನ್ನ ಮ್ಯಾಲ ನೀವಽ ಸರ್ಕಾರ, ನೀವಽ ಮೊದಲ ಕಡೀರಿ," ಎಂದ. ಇನ್ನೊಬ್ಬ ಬಗ್ಗಿ ಕಾಲು ಮುಟ್ಟಿಯೇಬಿಟ್ಟ.

ಅತ್ತಿಗೆ ಬಂದ ಸಿಟ್ಟನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೂ ಕಾಣಲಿಲ್ಲ. ಕುಡುಗೋಲನ್ನು ಅತ್ತ ಎಸೆದು, "ಅವನ್ನ ಎಬ್ಬಿಸಿ ನನ್ನ ಕುಂದರಸ್ತೀರೇನ್ರೋ, ಭಾಡ್ಯಾಗೋಳ್ರ್ಯಾ! ನಾ ಕಾಲು ನೋಯ್ತಾವಂತ ಕುಂತೇನಿ, ಆಳಾಕಲ್ಲ! ನಿಮಗ ಅರಸ ಬ್ಯಾಡ ಅನ್ನಾಕ ಬರೂದಿಲ್ಲ, ಬರೇ ಅರಸನ್ನ ಬದಲ ಮಾಡಾಕ ಬರ್ತೈತಿ!" ಎಂದು ಗುಡ್ಡಕ್ಕೆ ಕೇಳುವಂತೆ ಕೂಗಿದಳು.

ಆಗಲೇ ಕಾರು ಬಂತು. ಸರ್ಕಾರ ಇಳಿದು, ಕಂಬಳಿಯ ಮೇಲಿದ್ದ ಮುದುಕಿಯನ್ನು ನೋಡಿ ತಬ್ಬಿಬ್ಬಾದರು. ಅತ್ತಿ ಏಳಲಿಲ್ಲ. ತುಸು ಸರಿದು, ಪಕ್ಕದ ಜಾಗ ಒರೆಸಿ, "ಬರ್ರಿ, ಕುಂದರ್ರಿ," ಎಂದಳು. ಅವರು ಕೂರಲಿಲ್ಲ. "ಇರ್ಲಿ ಇರ್ಲಿ, ಅವ್ವಾ," ಎಂದು ನಿಂತೇ ಒಂದು ಟೊಂಗೆ ಕಡಿದು, ಬೇಗ ಹೊರಟುಹೋದರು. ಅಪ್ಪ ಯಾರ ಮೋರೆಯನ್ನೂ ನೋಡದೆ, ಅಕ್ಕ ಎದ್ದ ಕೂಡಲೇ ಕಂಬಳಿ ಮಡಚಿ ಹೆಗಲಿಗೇರಿಸಿದ. ಅಂದಿನಿಂದ ಅವನು ಅತ್ತಿಯ ಕೂಡ ಮಾತು ಬಿಟ್ಟ. ಇಬ್ಬರ ಮನೆಯ ನಡುವೆ ಇದ್ದದ್ದು ಒಂದೇ ಗೋಡೆ.

ಮುಂದಿನ ಚುನಾವಣೆಯಲ್ಲಿ ಅತ್ತಿ ಸೋತಳು. ಸಮಾಧಾನ ಹೇಳಲು ಹೋದ ನನ್ನನ್ನೇ ಗದರಿಸಿದಳು. "ಸೋತೇನಿ, ಆತು. ನಾ ಬ್ಯಾಡ ಅನ್ನಿಸ್ತು, ತಗದ್ರು. ತಗಿಯಾಕ ಬರ್ತೈತಿ ಅಂತಽ ಇದು ಬೇಕು. ನಿಮ್ಮಪ್ಪನ್ನ ಕೇಳು, ಸರ್ಕಾರನ್ನ ಯಾವ ಇಲೆಕ್ಷನ್ನಿನ್ಯಾಗ ತಗೀತಾನಂತ?" ಗೋಡೆಯಾಚೆ ಅಪ್ಪ ಕೇಳಿಸಿಕೊಳ್ಳುತ್ತಿದ್ದ. ಅದಕ್ಕಾಗಿಯೇ ಅವಳು ಅಷ್ಟು ಗಟ್ಟಿಯಾಗಿ ಹೇಳಿದ್ದು. ಅಪ್ಪ ಮಾತ್ರ ಹಟ ಬಿಡದೆ ದಸರೆಗೆ ಮತ್ತೆ ಕಂಬಳಿ ಹಾಸತೊಡಗಿದ್ದ.

ಹೋದ ಚಳಿಗಾಲದಲ್ಲಿ ಅತ್ತಿಯನ್ನು ನೆಹರು ನಗರದ ಆಸ್ಪತ್ರೆಗೆ ಸೇರಿಸಬೇಕಾಯಿತು. ದೊಡ್ಡ ಡಾಕ್ಟರು ಡಾಕ್ಟರಿಕೆ ಕಲಿಯುವ ಹುಡುಗರ ಹಿಂಡಿನೊಂದಿಗೆ ಬಂದಾಗ ಬೇರೆ ರೋಗಿಗಳು ಏಳಲು ತಿಣುಕಾಡುತ್ತಿದ್ದರು. ಇವಳು ಮಂಚದ ಅಂಚು ತಟ್ಟಿ "ಕುಂದರ್ರಿ" ಎಂದಳು. ಅವರು ನಕ್ಕು, ಕೂತೇಬಿಟ್ಟರು. ಅತ್ತಿ ನನ್ನತ್ತ ನೋಡಿ ಹುಬ್ಬು ಹಾರಿಸಿದಳು.

ಆದರೆ ವಾರ್ಡಿನ ಏಸಿಯ ಥಂಡಿ ಅವಳಿಗೆ ತಡೆಯುತ್ತಿರಲಿಲ್ಲ. ತೆಳು ಹೊದಿಕೆಯೊಳಗೆ ನಡುಗುತ್ತಿದ್ದಳು. ಫೋನಿನಲ್ಲಿ ಅವ್ವನಿಗೆ ಹಾಗೆಂದು ಹೇಳಿದೆ. ಮರುದಿನ ಮಧ್ಯಾಹ್ನ ಅಪ್ಪ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಕರಿಕಂಬಳಿ. ಒಳಗೆ ಬಂದವನೇ ಅದನ್ನು ಬಿಡಿಸಿ ಅಕ್ಕನ ಕೊರಳವರೆಗೂ ಹೊಚ್ಚಿದ.

ಅತ್ತಿ ಅದರ ಅಂಚು ಮುಟ್ಟಿ ನೋಡಿದಳು. ತಾನು ತೆಗೆದ ನೂಲು ಅವಳ ಬೆರಳಿಗೆ ಗೊತ್ತಾಗದೆ ಇರುತ್ತದೆಯೇ? "ಯಾರದಪಾ ಇದು?"

"ಮನೀದು," ಎಂದ ಅಪ್ಪ.

"ಸರ್ಕಾರದ್ದಲ್ಲ?"

"ಅಲ್ಲ. ನಮ್ದು. ಹೊಚ್ಚಾಕಂತ ನೇಯ್ದದ್ದು."

ಅತ್ತಿ ಕಣ್ಣು ಮುಚ್ಚಿಕೊಂಡು ನಕ್ಕಳು. ಹೊರಗಿನ ಕಂಬಳಿ ಇಲ್ಲಿ ನಡೆಯುವುದಿಲ್ಲ ಎಂದು ನರ್ಸಮ್ಮ ಬಂದು ಗದರಿದಾಗ, ಅಕ್ಕನನ್ನು ಬಿಟ್ಟರೆ ಜೀವಮಾನದಲ್ಲಿ ಯಾರಿಗೂ ಎದುರಾಡದ ನಮ್ಮಪ್ಪ "ನಡೀತೈತ್ರೀ" ಎಂದು ಕಾಲ್ದೆಸೆಯಲ್ಲಿ ಕೂತುಬಿಟ್ಟ. ಅದೇ ವಾರ ಅತ್ತಿ ಹೋದಳು. ಆ ಕಂಬಳಿಯಲ್ಲೇ ಸುತ್ತಿ ಅವಳನ್ನು ಮಣ್ಣು ಮಾಡಿದೆವು.

ಈ ವರ್ಷದ ದಸರೆಗೆ ನಾನೂ ಊರಿಗೆ ಹೋಗಿದ್ದೆ. ಅಪ್ಪ ಬರಿಗೈಯಲ್ಲಿ ಬನ್ನಿಗಿಡದ ಕೆಳಗೆ ನಿಂತಿದ್ದ. ಸರ್ಕಾರ ಬಂದರು. ಅವರಿಗೂ ವಯಸ್ಸಾಗಿದೆ, ಕೈಯಲ್ಲಿ ಕೋಲು. ಬರಿ ನೆಲ ನೋಡಿದರು, ಅಪ್ಪನನ್ನು ನೋಡಿದರು.

"ಕಂಬಳಿ ನಮ್ಮಕ್ಕ ಹೊಚ್ಕೊಂಡ ಹೋದ್ಲ್ರಿ," ಎಂದ ಅಪ್ಪ. ಬೆನ್ನು ನೆಟ್ಟಗಿತ್ತು. ಮೊದಲ ಟೊಂಗೆಯನ್ನು ತಾನೇ ಮುರಿದು ಪಕ್ಕದಲ್ಲಿದ್ದ ಮುದುಕಿಯ ಕೈಗಿಟ್ಟ. ಆಮೇಲೆ ಮಣ್ಣಿನ ಮೇಲೆ ಕೂತು, ಸರ್ಕಾರದ ಮೋರೆ ನೋಡುತ್ತ ಬಾಜುವಿನ ಜಾಗವನ್ನು ಅಂಗೈಯಿಂದ ಒರೆಸಿದ.

"ಕಾಲು ನೋಯ್ತಿರಬೇಕು ನಿಮ್ಮವೂ. ಬರ್ರಿ, ಕುಂದರ್ರಿ."