ಮಾತ್ರೆ ಬಿಟ್ಟ ಇಸ್ತ್ರಿ ಅಕ್ಕ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಗಂಡ ಬಡಗಿ. ಹುಟ್ಟಿನಿಂದ ಕಿವಿ ಕೇಳದವನು, ಮಾತು ಬಾರದವನು. ಮದುವೆಯಾದ ಹೊಸತರಲ್ಲೇ ಅವಳು ಅವನಿಂದ ಕೈಭಾಷೆ ಕಲಿತಳು. ಜಗಳ, ಗುಟ್ಟು, ಹರಟೆ ಎಲ್ಲ ಬೆರಳಲ್ಲೇ. ಲಾಂಡ್ರಿ ಮಾಲೀಕ ಸಿಡುಕುವುದನ್ನು ಎರಡೇ ಬೆರಳಲ್ಲಿ ತೋರಿಸಿದರೆ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ನಲವತ್ತು ದಾಟಿದ ಮೇಲೆ ಅವಳ ಬೆರಳ ಗಂಟುಗಳು ಬಾತುಕೊಂಡವು. ರುಮಟಾಯ್ಡ್ ಸಂಧಿವಾತ ಎಂದರು ಡಾಕ್ಟರು. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿತ್ತು. ಅದನ್ನು ಹತೋಟಿಗೆ ತರಲು ವಾರಕ್ಕೊಮ್ಮೆ ಮಾತ್ರೆ. ನುಂಗಿದ ಮರುದಿನ ಹೊಟ್ಟೆ ತೊಳಸುತ್ತಿತ್ತು. ಆದರೂ ಒಂದು ವಾರವೂ ತಪ್ಪಿಸಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಇನ್ನೊಬ್ಬರು ಹಿಡಿದಾರು. ಗಂಡನ ಜೊತೆ ಅವಳ ಬದಲು ಮಾತಾಡುವವರು ಯಾರು?

ಕೆಲವು ವರ್ಷಗಳ ಮೇಲೆ ಗಂಡ ಹೃದಯಾಘಾತದಿಂದ ತೀರಿಕೊಂಡ. ಮುಂದಿನ ತಪಾಸಣೆಗೆ ಅವಳು ಒಬ್ಬಳೇ ಹೋದಳು.

"ಡಾಕ್ಟ್ರೇ, ಈ ಮಾತ್ರೆ ಇನ್ನು ನಿಲ್ಲಿಸಬಹುದಾ?"

"ಯಾಕಮ್ಮಾ, ಏನಾದ್ರೂ ತೊಂದರೆ ಆಗ್ತಿದೆಯಾ?"

"ಏನಿಲ್ಲ. ಇನ್ನು ಬೇಕಾಗಿಲ್ಲ ಅನ್ನಿಸ್ತು."

"ನೋವಿಲ್ಲ ಅಂದ್ರೆ ಕಾಯಿಲೆ ಹೋಯ್ತು ಅಂತಲ್ಲ. ಬಾವು ಪೂರ್ತಿ ಇಳಿದು, ಬಹಳ ಕಾಲ ಹಾಗೇ ಇದ್ರೆ, ರಕ್ತ ಪರೀಕ್ಷೆ ನೋಡ್ಕೊಂಡು ನಾವೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತೀವಿ. ಕೆಲವರಿಗೆ ಬಿಡೋಕೇ ಆಗಲ್ಲ. ನೀವಾಗೇ ನಿಲ್ಲಿಸ್ಬೇಡಿ."

ಗಂಡನ ವಿಷಯ ಬಾಯಿಯ ತನಕ ಬಂತು. ಹೊರಗೆ ಜನ ಕಾಯುತ್ತಿದ್ದರು. ಎದ್ದು ಬಂದಳು.

ಆ ವಾರದಿಂದಲೇ ಮಾತ್ರೆ ಬಿಟ್ಟಳು. ಮೊದಮೊದಲು ಏನೂ ಆಗಲಿಲ್ಲ. ಹೊಟ್ಟೆ ತೊಳಸುವುದೂ ನಿಂತು ಹಾಯೆನಿಸಿತು. ಆಮೇಲೊಂದು ಬೆಳಿಗ್ಗೆ ನಲ್ಲಿ ತಿರುಗಿಸಲು ಆಗಲಿಲ್ಲ, ರವಿಕೆಯ ಗುಂಡಿ ಹಾಕಲು ಆಗಲಿಲ್ಲ. ಮೊಣಕಾಲೂ ಬಾತಿತ್ತು. ಶಾಲು ಹೊದ್ದು ಕುಂಟುತ್ತ ಪಕ್ಕದ ಮನೆಯ ಬಾಗಿಲಿಗೆ ಹೋಗಿ, "ಗುಂಡಿ ಸ್ವಲ್ಪ ಹಾಕಿಕೊಡಮ್ಮಾ," ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ನೆರೆಯವಳೇ ಆಸ್ಪತ್ರೆಗೆ ಕರೆದೊಯ್ದಳು.

"ಯಾಕೆ ಬಿಟ್ರಿ?" ಡಾಕ್ಟರು ಕೇಳಿದರು.

"ನಮ್ಮ ಯಜಮಾನ್ರು ಹೋಗ್ಬಿಟ್ರು. ಅವರ ಜೊತೆ ಕೈಯಲ್ಲೇ ಮಾತಾಡ್ತಿದ್ದೆ. ಇನ್ನು ಯಾರಿಗೆ ಅಂತ ಈ ಕೈ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಗುಂಡಿ ಹಾಕ್ಕೊಳ್ಳೋಕಾದ್ರೂ ಬೇಕಲ್ಲಮ್ಮಾ," ಎಂದರು.

ಮಾತ್ರೆ ಮತ್ತೆ ಶುರುವಾಯಿತು. ಬಾವು ಇಳಿಯಲು ತಿಂಗಳುಗಳೇ ಹಿಡಿದವು. ಒಂದು ಕಿರುಬೆರಳು ಮಾತ್ರ ಸೊಟ್ಟಗೇ ಉಳಿಯಿತು. ಲಾಂಡ್ರಿಗೂ ಮರಳಿದಳು. ಮನೆಯಲ್ಲಿ ಸದ್ದಾದರೂ ಇರಲಿ ಎಂದು ರೇಡಿಯೋ ಒಂದನ್ನು ತಂದಳು. ಆ ಮನೆಯಲ್ಲಿ ಎಂದೂ ರೇಡಿಯೋ ಇದ್ದಿರಲಿಲ್ಲ. ಎರಡು ಸಂಜೆ ಹಾಡಿಸಿದಳು. ಯಾರೋ ಗುರುತಿಲ್ಲದವರು ಒಳಗೆ ಬಂದು ಕೂತು ಒಂದೇ ಸಮನೆ ಮಾತಾಡುತ್ತಿರುವಂತಿತ್ತು. ಮೂರನೆಯ ಸಂಜೆ ಅದನ್ನು ನೆರೆಯವಳಿಗೆ ಕೊಟ್ಟು ಬಂದು, ತಟ್ಟೆ ಹಾಕಿಕೊಂಡು ಊಟಕ್ಕೆ ಕೂತಳು.